ಕಿವಿಯ ಕೆಳಗೊಂದು ಕೈ

ಹೋರ್ಸೆನ್ಸ್, ಡೆನ್ಮಾರ್ಕ್
೩ ನವೆಂಬರ್ ೨೦೨೩

ಪ್ರೀತಿಯ ವಾನೆಸ್,

ನೀನು ಕಳಿಸಿದ ಸಕ್ಕರೆ ಬಾದಾಮಿ ತಲುಪಿತು. ಮಗಳು ಹುಟ್ಟಿದ ಖುಷಿಗೆ ಊರಿಗೆಲ್ಲ ಹಂಚಿ, ಅಳಿದುಳಿದದ್ದನ್ನು ಅಕ್ಕನಿಗೆ ಕಳಿಸಿದ್ದೀಯ ಅಂತ ನೋಡಿದ ಕೂಡಲೇ ಗೊತ್ತಾಯಿತು, ಅರ್ಧ ಪುಡಿಯೇ ಇತ್ತು. ಆದರೂ ಪೊಟ್ಟಣ ಝಾಡಿಸಿ ತಿಂದೆ. ನಿನ್ನ ಫೀನಳಿಗೆ ನೂರು ವರ್ಷ ಆಯಸ್ಸಿರಲಿ. ಅನ್ನೆಲೋರ್ ಹೇಗಿದ್ದಾಳೆ? ಬಾಣಂತಿ ಹೆಂಡತಿಯನ್ನು ಸೋಪಿನ ಪುಡಿ ತರಲು ಅಂಗಡಿಗೆ ಓಡಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಫೋನ್ ಬಿಟ್ಟು ಕಾಗದ ಯಾಕೆ ಅಂತ ನಗುತ್ತಿರಬಹುದು. ನಿಮ್ಮ ಕಾರ್ಖಾನೆಯಂಥ ಕಡೆಯಿಂದ ಪರೀಕ್ಷೆಗೆ ಬರುವ ಹಾಸಿಗೆ ಫೋಮನ್ನು ಲ್ಯಾಬಿನಲ್ಲಿ ಮೂಸಿ ನೋಡುವವಳು ನಾನು. ಕಳಿಸಿದವರು ಯಾರೆಂದು ನಮಗೆ ಹೇಳುವುದಿಲ್ಲ, ಸ್ಯಾಂಪಲ್ ಮೇಲೆ ಬರೀ ಸಂಖ್ಯೆ ಇರುತ್ತದೆ. ಗುರುತು ಸಿಕ್ಕರೆ ಎದ್ದು ಹೇಳಬೇಕು, ಅದು ನಿಯಮ. ಈಗ ನಾನು ಕೇಳಬೇಕಾದ ಮಾತನ್ನು ಫೋನಿನಲ್ಲಿ ಕೇಳಿದರೆ ಅನ್ನೆಲೋರ್ ಕಿವಿಗೆ ಬೀಳುತ್ತದೆ, ಅವಳ ಕಿವಿಗೆ ಬಿದ್ದರೆ ಊರಿಗೆ ಬಿದ್ದಂತೆ. ಅದಕ್ಕೇ ಅಂಚೆಚೀಟಿ ಅಂಟಿಸಿದ್ದೇನೆ.

ಕಳೆದ ವಾರ ಒಂದು ಸ್ಯಾಂಪಲ್ ಬಂತು. ಫೋಮಿನ ದೊಡ್ಡ ಬ್ಲಾಕಿನ ನಡುವಿನಿಂದ ಕತ್ತರಿಸಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ದಿಂಬಿನಷ್ಟು ತುಂಡು. ಎಂದಿನಂತೆ ಗಾಜಿನ ಕಿಟಕಿಯಿರುವ ಉಕ್ಕಿನ ಪೆಟ್ಟಿಗೆಯಲ್ಲಿ ಮೂರು ದಿನ ಇಟ್ಟರು. ಅದರೊಳಗಿಂದ ಹೊರಬರುವ ಗಾಳಿಯಲ್ಲಿ ವಿಷವೆಷ್ಟು ಅಂತ ಯಂತ್ರ ಅಳೆಯುತ್ತದೆ. ಆ ವಾಸನೆಯನ್ನು ಮನುಷ್ಯರು ಸಹಿಸುತ್ತಾರೋ ಇಲ್ಲವೋ ಅಂತ ಹೇಳುವವರು ನಾವು. ಮೂಸುವ ದಿನ ಬೆಳಿಗ್ಗೆ ನಮಗೆ ಸೆಂಟಿಲ್ಲ, ಬೆಳ್ಳುಳ್ಳಿ ಇಲ್ಲ, ಹೆರಿಂಗ್ ಮೀನಂತೂ ಕೇಳಲೇಬೇಡ. ಸಾಲಾಗಿ ನಿಂತು ಒಬ್ಬೊಬ್ಬರೇ ಪೆಟ್ಟಿಗೆಯ ಕೊಳವೆಗೆ ಮೂಗಿಟ್ಟು ಅಂಕ ಹಾಕುತ್ತೇವೆ.

ನಾನು ಮೂಗಿಟ್ಟೆ ವಾನೆಸ್, ಅಪ್ಪ ಬಂದರು.

ಹುಚ್ಚು ಅನ್ನಬೇಡ. ಕೈ ತೊಳೆಯುವ ಕಲ್ಲುಪುಡಿ ಸೋಪು, ಅಗಸೆನಾರಿನ ಧೂಳು, ಕೆಮ್ಮಿಗೆ ಸದಾ ಬಾಯಲ್ಲಿಟ್ಟುಕೊಳ್ಳುತ್ತಿದ್ದ ಪೆಪರ್‌ಮಿಂಟ್, ಅದರ ಹಿಂದೆ ನಿದ್ದೆಯಿಂದ ಎದ್ದವರ ಹುಳಿ ಉಸಿರು. ಉಳಿದ ಮೂಗಿನವರೆಲ್ಲ 'ಏನೂ ಇಲ್ಲ' ಅಂತ ಗುರುತು ಹಾಕಿ ಕಾಫಿಗೆ ಹೋದರು. ನಾನು ಕೊಳವೆ ಬಿಟ್ಟು ಏಳಲಿಲ್ಲ. ಫೆಬ್ರವರಿಯಲ್ಲಿ ನಾನು ಊರಿಗೆ ಬರುವಷ್ಟರಲ್ಲಿ ಅಪ್ಪನ ಶವಪೆಟ್ಟಿಗೆ ಮುಚ್ಚಿತ್ತು. ಆಗ ನೋಡಲು ಸಿಗದ ಮುಖ ಈಗ ಈ ಕೊಳವೆಯ ಆಚೆ ಇದೆ ಅನ್ನಿಸಿತು.

ಒಂದೇ ಪ್ರಶ್ನೆ. ಅಪ್ಪ ಸತ್ತ ಹಾಸಿಗೆಯನ್ನು ನೀನು ಏನು ಮಾಡಿದೆ?

ನಿನ್ನ ಅಕ್ಕ
ಗೋಡಲೀವ


ವ್ಲಾಸ್‌ಹೂಕ್, ಫ್ಲಾಂಡರ್ಸ್
೯ ನವೆಂಬರ್

ಪ್ರೀತಿಯ ಅಕ್ಕಾ,

ನಿನ್ನ ಮೂಗಿಗೆ ಅಷ್ಟು ಸಂಬಳ ಕೊಡುತ್ತಾರಲ್ಲ, ಸಾರ್ಥಕ! ಚಿಕ್ಕವಳಿದ್ದಾಗಲೂ ಹಾಗೇ, ನಾನು ಕದ್ದು ಸಿಗರೇಟು ಸೇದಿದ್ದನ್ನು ಮೂರು ಮನೆ ಆಚೆಯಿಂದ ಹಿಡಿದು ಅಪ್ಪನಿಗೆ ಹೇಳಿದವಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಸೋಪಿನ ಪುಡಿ ನಾನೇ ತಂದೆ. ಸಂತರ ಹಬ್ಬದ ದಿನ ಅಪ್ಪನ ಸಮಾಧಿಗೆ ಸೇವಂತಿಗೆ ಇಟ್ಟು ಬಂದೆವು, ನಿನ್ನ ಹೆಸರಿನಲ್ಲೂ ಒಂದು ಕುಂಡ ಇಟ್ಟಿದ್ದೇನೆ.

ಫೋಮ್ ಮಾಡುವವರಲ್ಲಿ ಅರ್ಧ ಜನ ಲೇಯೆ ನದಿಯ ಈ ದಂಡೆಯವರೇ. ಅಗಸೆನಾರು ಬಡಿದವರ ಮಕ್ಕಳು, ಮೊಮ್ಮಕ್ಕಳು. ಎಲ್ಲರ ಕೈಯಲ್ಲೂ ಅದೇ ಸೋಪು, ಬಾಯಲ್ಲಿ ಅದೇ ಪೆಪರ್‌ಮಿಂಟ್. ಆ ತುಂಡನ್ನು ಯಾರು ಸುತ್ತಿದರೋ ಅವರ ವಾಸನೆ ಅಂಟಿರಬಹುದು. ನೀನು ಅಪ್ಪನನ್ನು ನೆನೆಯುತ್ತಿದ್ದೀಯ, ಮೂಗು ಹೂಂ ಅಂದಿದೆ, ಅಷ್ಟೆ.

ಹಾಸಿಗೆ ಹೋಗಬೇಕಾದಲ್ಲಿಗೆ ಹೋಯಿತು. ನೀನು ಆಗಲೇ ಫೋನಿನಲ್ಲಿ ಹಟ ಮಾಡಿದ್ದೆ, ಅಜ್ಜಿ ಹೇಳಿದ ಹಾಗೆ ಕೂಡುದಾರಿಗೆ ಒಯ್ದು ಸುಡು ಅಂತ. ಅಜ್ಜಿ ಸುಡುತ್ತಿದ್ದದ್ದು ಹುಲ್ಲು ಅಕ್ಕಾ. ಸತ್ತವರ ಮೈ ಕೆಳಗಿದ್ದ ಹುಲ್ಲು. ಫೋಮ್ ಸುಟ್ಟರೆ ಬರುವ ಹೊಗೆ ಒಂದು ದನವನ್ನೇ ಕೆಡವುತ್ತದೆ. ಬಯಲಲ್ಲಿ ಸುಟ್ಟರೆ ಪೊಲೀಸರು ಬರುತ್ತಾರೆ, ನಾನೇ ಕಾರ್ಖಾನೆಯ ಗುಣಮಟ್ಟ ನೋಡುವವನು, ಪೇಪರಿನಲ್ಲಿ ನನ್ನ ಫೋಟೋ ಬರುತ್ತದೆ.

ಒಂದು ವಿಷಯ, ಅಕ್ಕ ಅಂತ ಹೇಳುತ್ತಿದ್ದೇನೆ, ಲ್ಯಾಬಿನವಳು ಅಂತಲ್ಲ. ನಿಮ್ಮ ಲ್ಯಾಬ್ ಕೊಡುವ ಸರ್ಟಿಫಿಕೇಟ್ ನಮಗೆ ಬೇಕೇ ಬೇಕು. ಹಳೇ ಹಾಸಿಗೆಗಳಿಂದ ಹೊಸ ಫೋಮ್ ಮಾಡಿ, ಮಕ್ಕಳ ತೊಟ್ಟಿಲಿಗೂ ಸುರಕ್ಷಿತ ಅಂತ ಮೊಹರು ಹಾಕಿಸಿದರೆ ಮಾತ್ರ ದೊಡ್ಡ ಆರ್ಡರು. ಇಲ್ಲದಿದ್ದರೆ ಪೋಲೆಂಡಿನ ಕಾರ್ಖಾನೆಗೆ ಹೋಗುತ್ತದೆ, ಇಲ್ಲಿ ಫೋಮ್ ಸುರಿಯುವ ಲೈನ್ ನಿಲ್ಲುತ್ತದೆ. ಯಜಮಾನರು ಬಾಯಿಬಿಟ್ಟು ಹೇಳಿದ್ದಾರೆ.

ಮಗಳು ಸೊಗಸಾಗಿ ನಿದ್ದೆ ಮಾಡುತ್ತಾಳೆ. ಅತ್ತರೆ ಕೇಳು.

ನಿನ್ನ ತಮ್ಮ
ವಾನೆಸ್


ಹೋರ್ಸೆನ್ಸ್
೧೬ ನವೆಂಬರ್

ವಾನೆಸ್,

'ಹೋಗಬೇಕಾದಲ್ಲಿಗೆ ಹೋಯಿತು' ಎನ್ನುವುದು ಪಾದ್ರಿಯ ಮಾತು, ನಿನ್ನದಲ್ಲ. ನೀನು ಸುಳ್ಳು ಹೇಳುವಾಗ ಮಾತ್ರ ಪಾದ್ರಿಯ ಹಾಗೆ ಮಾತಾಡುತ್ತೀಯ.

ನಿನ್ನೆ ಎರಡನೇ ಸಲ ಮೂಸುವ ಸರದಿ ಇತ್ತು. ಅದೇ ಬ್ಲಾಕಿನ ಇನ್ನೊಂದು ತುಂಡನ್ನು ಪೆಟ್ಟಿಗೆಯಲ್ಲಿಟ್ಟು ಬಾಗಿಲು ಬಿಗಿದಿದ್ದರು. ಇಡುವ ಮುಂಚೆ ನಮ್ಮ ಲ್ಯಾಬಿನ ಥೋರ್ಕಿಲ್ ಫೋಟೋ ತೆಗೆಯುತ್ತಾನೆ, ಅದು ಅವನ ಕೆಲಸ. ಫೋಟೋದಲ್ಲಿ ತುಂಡು ಹಲಗೆಯಷ್ಟು ಸಪಾಟಾಗಿದೆ. ನಿನ್ನೆ ಬಾಗಿಲು ತೆರೆದವನು ನನ್ನನ್ನು ಕರೆದ.

"ಏನ್ರೀ ಗೋಡಲೀವ, ನನ್ನ ಪೆಟ್ಟಿಗೇಲಿ ಯಾರೋ ಮಲಗೆದ್ದು ಹೋದಂಗಿದೆಯಲ್ಲ? ಬಾಡಿಗೆ ಯಾರು ಕೊಡ್ತಾರೆ?"

ಹೋಗಿ ನೋಡಿದೆ. ತುಂಡಿನ ನಡುವೆ ಒಂದು ತಗ್ಗು. ಆಳವಿಲ್ಲ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಮೇಲೆ ಒಂದು ಕಿವಿ. ಕಿವಿಯ ಕೆಳಗೆ ಒತ್ತಿಟ್ಟ ಅಂಗೈ, ನಾಲ್ಕು ಬೆರಳು. ಕಿರುಬೆರಳು ಅರ್ಧಕ್ಕೇ ನಿಂತಿದೆ.

ನಮ್ಮ ಮೇಲಧಿಕಾರಿ ಬಿರ್ಥೆ ಬಂದು ಕನ್ನಡಕ ಮೇಲೆತ್ತಿ ನೋಡಿ, "ಸುತ್ತೋವಾಗ ಯಾರೋ ಒತ್ತಿರ್ತಾರೆ ಬಿಡಿ. ಫೋಮ್ ಅಂದ್ಮೇಲೆ ತಗ್ಗು ಬೀಳತ್ತೆ. ಬರ್ಕೊಂಡು ಮುಂದಕ್ಕೆ ಹೋಗಿ," ಅಂದಳು. ಯಂತ್ರದ ಲೆಕ್ಕವೆಲ್ಲ ಮಿತಿಯೊಳಗೇ ಇದೆ. ಇಷ್ಟು ಶುದ್ಧ ಗಾಳಿ ಈ ವರ್ಷ ಯಾವ ಫೋಮಿನಿಂದಲೂ ಬಂದಿಲ್ಲವಂತೆ.

ಎಡಮಗ್ಗುಲಾಗಿ, ಮೊಣಕಾಲು ಮಡಚಿ, ಕಿವಿಯ ಕೆಳಗೆ ಕೈ ಇಟ್ಟುಕೊಂಡು ಮಲಗುತ್ತಿದ್ದವರು ಯಾರು? ಬಲಗಡೆಯ ಶ್ವಾಸಕೋಶ ಹೋಗಿದ್ದರಿಂದ ಬೇರೆ ಮಗ್ಗುಲಿಗೆ ಮಲಗಲಾಗದಿದ್ದವರು ಯಾರು? ಕತ್ತರಿಸುವ ಬ್ಲೇಡಿಗೆ ಕಿರುಬೆರಳಿನ ತುದಿ ಕೊಟ್ಟವರು ಯಾರು? ನಿನಗೆ ಹೇಳಿಕೊಡಬೇಕಾಗಿಲ್ಲ.

ನಾನು ಹೆದರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಆ ತಗ್ಗಿನಲ್ಲಿ ನನ್ನ ಕೈ ಇಡಬೇಕು ಅನ್ನಿಸಿತು, ಇಟ್ಟೆ. ಬೆಚ್ಚಗಿತ್ತು. ಸುಖವಾಗಿತ್ತು ಕಣೋ. ಎದ್ದು ನಿಯಮದ ಪ್ರಕಾರ ಹೇಳಬೇಕಾದ ಮಾತನ್ನು ನಾನು ಈ ಸಲವೂ ಹೇಳಲಿಲ್ಲ. ಈಗ ನೀನಾದರೂ ನಿಜ ಹೇಳು.

ಗೋಡಲೀವ


ವ್ಲಾಸ್‌ಹೂಕ್
೨೪ ನವೆಂಬರ್

ಅಕ್ಕಾ,

ಸರಿ, ಹೇಳುತ್ತೇನೆ. ಬೈಯುವ ಮುಂಚೆ ಪೂರ್ತಿ ಓದು.

ಕೆಲಸ ಬಿಡುವವನಿಗೆ ಅವನೇ ಕೊನೆಗೆ ಸುರಿದ ಬ್ಲಾಕಿನಿಂದ ಹಾಸಿಗೆ ಮಾಡಿ ಕೊಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಅಪ್ಪನಿಗೂ ಕೊಟ್ಟರು. ಅವರ ಕಾಲದಲ್ಲಿ ಫೋಮ್ ಸುರಿಯುವ ತೊಟ್ಟಿಯ ಮೇಲೆ ಗಾಳಿ ಎಳೆಯುವ ಫ್ಯಾನುಗಳಿರಲಿಲ್ಲ. ಒಲೆ ಮೇಲಿನ ಹಾಲು ಉಕ್ಕುವ ಹಾಗೆ ಫೋಮ್ ಏರುವುದನ್ನು ಅಪ್ಪ ಬಗ್ಗಿ ನೋಡುತ್ತಿದ್ದರು, ಆ ಹಸಿ ಆವಿಯನ್ನೆಲ್ಲ ಕುಡಿದರು. "ನಾವು ಮಾರೋದು ಗಾಳಿ ಕಣೋ, ಅದಕ್ಕೊಂದು ಚರ್ಮ ಹೊದಿಸಿ ದುಡ್ಡು ತಗೊಳ್ತೀವಿ," ಅಂತ ನಗುತ್ತಿದ್ದರಲ್ಲ. ಅವರ ಅರ್ಧ ಗಾಳಿ ಅದರಲ್ಲೇ ಹೋಯಿತು.

ಅಂಥ ಹಾಸಿಗೆಯನ್ನು ಕಸದ ಲಾರಿಗೆ ಎಸೆಯಲು ನನ್ನಿಂದ ಆಗಲಿಲ್ಲ. ಸುಡುವ ಹಾಗೂ ಇಲ್ಲ. ಹಳೇ ಹಾಸಿಗೆಗಳನ್ನು ಚೂರು ಮಾಡಿ, ಕರಗಿಸಿ, ಮತ್ತೆ ಫೋಮ್ ಸುರಿಯುವ ಮೊದಲ ಪ್ರಯೋಗಕ್ಕೆ ನನ್ನನ್ನೇ ಹಾಕಿದ್ದರು. ಬೇರೆ ಹಾಸಿಗೆಗಳ ಜೊತೆ ಅಪ್ಪನದನ್ನೂ ಹಾಕಿದೆ. ಇದು ಮರ್ಯಾದೆ ಅಂದುಕೊಂಡೆ ಅಕ್ಕಾ. ಅಪ್ಪ ಸುರಿದದ್ದನ್ನು ಮಗ ಮತ್ತೆ ಸುರಿಯುವುದು, ಇದಕ್ಕಿಂತ ಒಳ್ಳೇ ಶ್ರಾದ್ಧ ಇರುತ್ತದೆಯೇ? ಒಂದೇ ಬ್ಲಾಕ್ ಆಯಿತು. ಅದರ ತುಂಡುಗಳೇ ನಿಮ್ಮಲ್ಲಿಗೆ ಬಂದದ್ದು. ಉಳಿದ ಬ್ಲಾಕ್ ಗೋದಾಮಿನಲ್ಲಿದೆ. ಸರ್ಟಿಫಿಕೇಟ್ ಬಂದ ಕೂಡಲೇ ಅದನ್ನು ಕತ್ತರಿಸಿ ಊರಿನ ಶಿಶುವಿಹಾರಕ್ಕೆ ಹಾಸಿಗೆ ಮಾಡಿ ಕೊಡುವುದಾಗಿ ಯಜಮಾನರು ಮಾತು ಕೊಟ್ಟಿದ್ದಾರೆ.

ಆ ಬ್ಲಾಕಿನಿಂದ ಮೊದಲು ಕತ್ತರಿಸಿದ ತೊಟ್ಟಿಲ ಹಾಸಿಗೆ ನಮ್ಮ ಮನೆಯಲ್ಲಿದೆ. ಫೀನ ಅದರ ಮೇಲೇ ಮಲಗುತ್ತಾಳೆ. ಅಜ್ಜನ ಮಡಿಲು ಸಿಗದ ಮಗುವಿಗೆ ಅಷ್ಟಾದರೂ ಸಿಗಲಿ ಅಂತ.

ಎಷ್ಟು ಒಳ್ಳೇ ಮಗು ಗೊತ್ತಾ! ಅಳುವುದೇ ಇಲ್ಲ. ಹಸಿವಾದರೂ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಾಳೆ. ಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಡುತ್ತಾರೆ. "ಇದೇನ್ರೀ, ಈ ಮಗು ಮುದುಕರ ಥರ ನಿದ್ದೆ ಮಾಡುತ್ತೆ," ಅಂತ ಅನ್ನೆಲೋರ್ ನಗುತ್ತಾಳೆ. ಅಂಗಾತ ಮಲಗಿಸಿ ಹೋದರೆ, ಬಂದು ನೋಡುವಾಗ ಎಡಮಗ್ಗುಲಾಗಿ, ಮೊಣಕಾಲು ಮಡಚಿ, ಒಂದು ಕೈ ಕಿವಿಯ ಕೆಳಗೆ.

ನಿನ್ನ ಕಾಗದ ಓದಿದ ಮೇಲೆ ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ರಕ್ತದಲ್ಲಿ ಬಂದಿರಬೇಕು, ಅಲ್ಲವಾ?

ವಾನೆಸ್


ಹೋರ್ಸೆನ್ಸ್
೨೮ ನವೆಂಬರ್

ವಾನೆಸ್,

ಇದು ತಲುಪಿದ ಕ್ಷಣ ಮಗುವನ್ನು ಆ ಹಾಸಿಗೆಯಿಂದ ಎತ್ತು. ಆಮೇಲೆ ಮುಂದೆ ಓದು.

ಮೂರು ತಿಂಗಳೂ ತುಂಬದ ಕೂಸು ತಾನೇ ಮಗ್ಗುಲು ಬದಲಿಸುವುದಿಲ್ಲ. ನಿನಗೆ ಗೊತ್ತು. ಅದು ರಕ್ತವಲ್ಲ. ಯಾರೋ ಅವಳನ್ನು ತಿರುಗಿಸುತ್ತಿದ್ದಾರೆ, ಇಲ್ಲವೆ ಅವಳ ಜಾಗದಲ್ಲಿ ತಾವೇ ತಿರುಗುತ್ತಿದ್ದಾರೆ.

ನನಗೆ ಸುಖವಾಯಿತು ಅಂತ ಬರೆದಿದ್ದೆ. ನನಗೆ ಐವತ್ತೆರಡು ವರ್ಷ. ಅಪ್ಪನನ್ನು ಬೇಕೆಂದು ಕರೆದವಳು ನಾನು. ಫೀನ ಯಾರನ್ನೂ ಕರೆದಿಲ್ಲ. ಅಪ್ಪ ಕೊನೆಯ ಮೂರು ವರ್ಷ ಒಂದೊಂದು ಉಸಿರಿಗೂ ಎಷ್ಟು ಒದ್ದಾಡಿದರು ಅಂತ ನೀನೇ ಹೇಳಿದ್ದೆ. ಅವರು ಕೆಟ್ಟವರಲ್ಲ ವಾನೆಸ್, ಅವರಿಗೆ ಉಸಿರು ಬೇಕು. ಮಗುವಿನ ಹತ್ತಿರ ಹೊಸ ಉಸಿರಿದೆ.

ಎತ್ತು ಅವಳನ್ನು.

ಅಕ್ಕ


ವ್ಲಾಸ್‌ಹೂಕ್
೧೪ ಡಿಸೆಂಬರ್

ಗೋಡಲೀವ,

ಎರಡು ವಾರ ಬರೆಯಲಿಲ್ಲ, ಬೇಕೆಂದೇ. ನಿನ್ನ ಕಾಗದವನ್ನು ಅನ್ನೆಲೋರ್ ಓದಿದಳು. ಅವಳು ಅತ್ತಳು, ಮಗುವನ್ನು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು. ಅಲ್ಲಿ ಫೀನಳಿಗೆ ನಿದ್ದೆ ಬರಲಿಲ್ಲ. ಕಣ್ಣು ಬಿಟ್ಟುಕೊಂಡು ತೊಟ್ಟಿಲ ಕಡೆಗೇ ನೋಡುತ್ತಿದ್ದಳು. ಮೂರನೇ ದಿನ ನಾನೇ ಅವಳನ್ನು ಎತ್ತಿ ಮತ್ತೆ ಅದರಲ್ಲೇ ಮಲಗಿಸಿದೆ. ಕೂಡಲೇ ನಿದ್ದೆ ಹೋದಳು.

ಹತ್ತು ತಿಂಗಳ ಹಿಂದೆ ಅಪ್ಪ ಸಾಯುವಾಗ ಬಾರದವಳು ಈಗ ಅಪ್ಪ ಎಲ್ಲಿದ್ದಾರೆ ಅಂತ ನನಗೆ ಹೇಳಿಕೊಡುತ್ತೀಯಾ? ಅವರ ಬೆನ್ನು ಒರೆಸಿದವನು ನಾನು. ನಿನ್ನ ಲ್ಯಾಬಿನ ಯಂತ್ರವೇ ಹೇಳಿದೆ, ಈ ಫೋಮಿನಲ್ಲಿ ವಿಷವಿಲ್ಲ ಅಂತ. ಸೀಸ ಇಲ್ಲ, ಪಾದರಸ ಇಲ್ಲ, ಫಾರ್ಮಾಲಿನ್ ಇಲ್ಲ. ಇನ್ನೇನು ಬೇಕು ನಿನಗೆ? ಹೌದು, ಬೆಳಗಿನ ಹೊತ್ತು ಸ್ವಲ್ಪ ಒಣಕೆಮ್ಮು ಇದೆ. ಡಾಕ್ಟರಿಗೆ ತೋರಿಸಿದೆವು. ಎದೆ ಸ್ವಚ್ಛವಾಗಿದೆ, ಶೀತ ಇರಬಹುದು ಅಂದರು. ತೂಕ ಏರಿಲ್ಲ, ಅದು ಬೇರೆ ಮಾತು. ಮಕ್ಕಳು ಒಂದೊಂದು ಒಂದೊಂದು ಥರ.

ದಯವಿಟ್ಟು ಇನ್ನು ಈ ವಿಷಯ ಬರೆಯಬೇಡ. ಸರ್ಟಿಫಿಕೇಟ್ ಬರುವ ತನಕ ನೀನು ಏನೂ ಮಾಡದೆ ಸುಮ್ಮನಿದ್ದರೆ ಸಾಕು.

೧೫ ಡಿಸೆಂಬರ್

ಅಕ್ಕಾ, ಮೇಲಿನದ್ದು ನಿನ್ನೆ ಬರೆದದ್ದು. ಹರಿದು ಹಾಕಬೇಕಿತ್ತು, ಇರಲಿ, ನನ್ನ ಮೂರ್ಖತನ ನಿನಗೂ ಗೊತ್ತಿರಲಿ.

ಇವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅನ್ನೆಲೋರ್ ಅಡುಗೆಮನೆಯ ಮೇಜಿನ ಮೇಲೆ ತೊಟ್ಟಿ ಇಟ್ಟು ಫೀನಳಿಗೆ ಸ್ನಾನ ಮಾಡಿಸುತ್ತಿದ್ದಳು. ನಾನು ಲೀಕ್ ಸೊಪ್ಪಿನ ಸೂಪು ಕುಡಿಯುತ್ತಾ ಕೂತಿದ್ದೆ. ಹೊರಗೆ ಒಳ್ಳೇ ಬಿಸಿಲು. ಮೇಲಿನ ಕೋಣೆಯ ತೊಟ್ಟಿಲಿಗೆ ಕಟ್ಟಿದ ಬೇಬಿಫೋನಿನ ಇನ್ನೊಂದು ತುದಿ ಇಲ್ಲಿ ಕಿಟಕಿಯ ಮೇಲಿರುತ್ತದೆ, ಮಗು ಮಿಸುಕಿದರೆ ಕೇಳಿಸಲು. ಆರಿಸುವುದು ಮರೆತಿದ್ದೆವು.

ಅದು ಕೆಮ್ಮಿತು.

ಮಗು ನಮ್ಮೆದುರು ನೀರಿನಲ್ಲಿತ್ತು ಅಕ್ಕಾ. ಬೇಬಿಫೋನ್ ಮತ್ತೆ ಕೆಮ್ಮಿತು, ಅಪ್ಪನ ಕೆಮ್ಮು, ಕೊನೆಯಲ್ಲಿ ಶಿಳ್ಳೆಯಂತೆ ಎಳೆಯುತ್ತಿದ್ದರಲ್ಲ, ಅದೂ ಸೇರಿ. ಆಮೇಲೆ ಉಸಿರು. ಒಳಗೆ, ಹೊರಗೆ. ಬಹಳ ಹೊತ್ತು. ಅನ್ನೆಲೋರಳ ಕೈ ನೀರಲ್ಲೇ ನಿಂತುಹೋಯಿತು. ಫೀನ ಕಿಟಕಿಯ ಕಡೆ ತಿರುಗಿ ನಕ್ಕಳು. ಅವಳು ನಕ್ಕದ್ದು ಅದೇ ಮೊದಲು.

"ಮೇಲೆ ಯಾರ್ರೀ ಇರೋದು?" ಅಂದಳು ಅನ್ನೆಲೋರ್.

ನಾನು ಮೇಲೆ ಹೋದೆ. ಯಾರೂ ಇಲ್ಲ. ಹಾಸಿಗೆಯ ಮೇಲೆ ಕಿವಿ, ಕೈ, ಮಡಚಿದ ಮೊಣಕಾಲು. ಎಲ್ಲ ಮಗುವಿನ ಅಳತೆಯದ್ದೇ, ನಮ್ಮ ಫೀನಳದ್ದೇ. ಆದರೆ ಕಿರುಬೆರಳು ಅರ್ಧ. ಕೋಣೆ ತುಂಬ ಪೆಪರ್‌ಮಿಂಟ್.

ಏನು ಮಾಡಲಿ, ಹೇಳು. ನನಗೆ ಹೆದರಿಕೆಯಾಗುತ್ತಿದೆ.

ನಿನ್ನ ತಮ್ಮ


ಹೋರ್ಸೆನ್ಸ್
೧೯ ಡಿಸೆಂಬರ್

ನನ್ನ ತಮ್ಮಾ,

ಹೆದರಬೇಡ. ಬೈದದ್ದನ್ನು ನಾನು ಆಗಲೇ ಮರೆತೆ. ಬಾರದವಳು ಅಂದೆಯಲ್ಲ, ಅದು ನಿಜವೇ, ನೋವಾಯಿತು, ಆಗಲಿ.

ನಿನ್ನ ಕಾಗದ ಇಂದು ಬೆಳಿಗ್ಗೆ ಬಂತು. ಕೋಟು ಹಾಕಿಕೊಂಡವಳು ನೇರ ಬಿರ್ಥೆಯ ಕೋಣೆಗೆ ಹೋದೆ. "ಆ ಸ್ಯಾಂಪಲ್ ನನ್ನ ತಮ್ಮನ ಕಾರ್ಖಾನೇದು. ಮೊದಲ್ನೇ ದಿನವೇ ಗೊತ್ತಿತ್ತು. ಮುಚ್ಚಿಟ್ಟೆ," ಅಂದೆ.

ಅವಳು ಆ ಸ್ಯಾಂಪಲ್ಲಿನ ಕಡತ ತೆರೆದಳು. "ನೀವು ಅದಕ್ಕೆ ಎಷ್ಟು ಅಂಕ ಹಾಕಿದ್ರಿ?" ಅಂತ ಕೇಳಿದಳು.

"ಎಲ್ಲಕ್ಕಿಂತ ಹೆಚ್ಚು. ಇದಕ್ಕಿಂತ ಹಿತವಾದ ವಾಸನೆ ಇಲ್ಲ ಅಂತ ಹಾಕಿದೆ."

"ಅಯ್ಯೋ ಗೋಡಲೀವ," ಅಂದಳು, ಅಷ್ಟೆ. ಪರೀಕ್ಷೆ ಪೂರ್ತಿ ರದ್ದಾಯಿತು. ಈ ಬ್ಲಾಕಿಗೆ ಸರ್ಟಿಫಿಕೇಟ್ ಬರುವುದಿಲ್ಲ, ಶಿಶುವಿಹಾರಕ್ಕೆ ಅದು ಹೋಗುವುದಿಲ್ಲ. ನಿನ್ನ ಯಜಮಾನರು ಕೂಗಾಡುತ್ತಾರೆ, ಊರು ನಿನ್ನ ಮೇಲೆ ತಿರುಗುತ್ತದೆ. ಗೊತ್ತಿದ್ದೇ ಮಾಡಿದೆ. ಒಂದು ಮಗುವಿಗೆ ಹೀಗಾದದ್ದು ಸಾಕು. ಬೇರೆ ಹಾಸಿಗೆಗಳಿಂದ ಹೊಸ ಬ್ಲಾಕ್ ಸುರಿ, ಹೊಸದಾಗಿ ಕಳಿಸು. ನನ್ನದಲ್ಲದ ಮೂಗುಗಳು ಮೂಸಲಿ.

ಈಗ ಸರಿಯಾಗಿ ಕೇಳು. ಗೋದಾಮಿನ ಬ್ಲಾಕನ್ನು ಕಸ ಸುಡುವ ದೊಡ್ಡ ಕುಲುಮೆಗೆ ಕಳಿಸು, ಅದಕ್ಕೆ ಅನುಮತಿ ಸಿಗುತ್ತದೆ. ತೊಟ್ಟಿಲ ಹಾಸಿಗೆಯನ್ನು ಮಾತ್ರ ನೀನೇ ಕೂಡುದಾರಿಗೆ ಒಯ್ಯಬೇಕು. ಹಗಲಿನಲ್ಲಿ. ಕಾರ್ಖಾನೆಯ ಮುಖವಾಡ ಹಾಕಿಕೋ. ಅಜ್ಜಿ ಯಾಕೆ ಕೂಡುದಾರಿಯಲ್ಲಿ ಸುಡುತ್ತಿದ್ದಳು ನೆನಪಿದೆಯಾ? ಹಾಸಿಗೆ ಹೋಯಿತು ಅಂತ ಸತ್ತವರು ಕಣ್ಣಾರೆ ನೋಡಬೇಕು, ನೋಡಿ, ನಾಲ್ಕು ದಾರಿಯಲ್ಲಿ ತಮ್ಮದೊಂದನ್ನು ಹಿಡಿಯಬೇಕು. ಹಾಗಂತ ಅಪ್ಪನಿಗೆ ಬಾಯಿಬಿಟ್ಟು ಹೇಳು. ಸಿಟ್ಟಿನಿಂದ ಬೇಡ.

ಪೊಲೀಸರು ಬಂದರೆ ದಂಡ ನಾನು ಕಟ್ಟುತ್ತೇನೆ.

ಅಕ್ಕ


ವ್ಲಾಸ್‌ಹೂಕ್
೪ ಜನವರಿ ೨೦೨೪

ಪ್ರೀತಿಯ ಅಕ್ಕಾ,

ಕಿವಿ ಕಿತ್ತುಹೋಗುವ ಹಾಗೆ ಅಳುತ್ತಿದ್ದಾಳೆ! ಈ ಕ್ಷಣದಲ್ಲಿ, ಪಕ್ಕದ ಕೋಣೆಯಲ್ಲಿ, ಮುಖ ಕೆಂಪಗೆ ಮಾಡಿಕೊಂಡು, ಕಾಲು ಒದೆಯುತ್ತಾ. ರಾತ್ರಿ ನಾವಿಬ್ಬರೂ ನಿದ್ದೆ ಮಾಡಿ ವಾರವಾಯಿತು. ಅನ್ನೆಲೋರ್ ನಗುತ್ತಾ ಅಳುತ್ತಾಳೆ. ಫೀನ ಈಗ ಅಂಗಾತ ಮಲಗುತ್ತಾಳೆ ಅಕ್ಕಾ, ಎರಡೂ ಕೈ ಮೇಲೆ ಚಾಚಿ. ಕೆಮ್ಮಿಲ್ಲ. ತೂಕ ಏರಿದೆ.

ಹೊಸ ವರ್ಷಕ್ಕೆ ಮೂರು ದಿನ ಮುಂಚೆ ಸುಟ್ಟೆ. ಚಾಪೆಲ್ ಹತ್ತಿರದ ಕೂಡುದಾರಿಯಲ್ಲಿ, ಬೆಳಿಗ್ಗೆ. ಅನ್ನೆಲೋರ್ ಮಗುವನ್ನು ಹಿಡಿದು ದೂರದಲ್ಲಿ ಕಾರಿನೊಳಗೆ ಕೂತಿದ್ದಳು, ಗಾಜು ಏರಿಸಿ. ಹಾಸಿಗೆ ಹಿಡಿದು ನಡೆದಾಗ ಅದು ಅಷ್ಟು ಭಾರ ಇತ್ತು, ನಡುವೆ ಒಮ್ಮೆ ಕೆಳಗಿಟ್ಟು ಸುಧಾರಿಸಿಕೊಂಡೆ. ಒಂದು ಕೈಯಲ್ಲಿ ಎತ್ತುವ ತೊಟ್ಟಿಲ ಹಾಸಿಗೆ ಅದು.

ಬೆಂಕಿ ಹಚ್ಚಿ, ಮುಖವಾಡ ಸ್ವಲ್ಪ ಎತ್ತಿ, ನೀನು ಹೇಳಿದಂತೆ ಹೇಳಿದೆ. "ಏಳಿ ಅಪ್ಪಾ. ಈ ಹಾಸಿಗೆ ಇನ್ನಿಲ್ಲ. ನಿಮ್ಮ ದಾರಿ ನೀವು ಹಿಡೀರಿ." ಸಾಯುವಾಗ ಅಳಲಿಲ್ಲ ನಾನು, ಆಗ ಅತ್ತೆ.

ಆ ಹೊತ್ತಿಗೆ ನಮ್ಮೂರ ಮುದುಕಿ ಜುಲ್ಮಾ ಸೈಕಲ್ ತಳ್ಳಿಕೊಂಡು ಬಂದಳು. ಪೊಲೀಸರನ್ನು ಕರೆಯುತ್ತಾಳೆ ಅಂದುಕೊಂಡೆ. ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಅಪ್ಪನ ಹೆಸರು ಹಿಡಿದು, "ಓಡೀಲನ ಹಾಸಿಗೇನಾ? ಇಷ್ಟು ತಡ ಯಾಕೆ ಮಾಡಿದ್ಯಪ್ಪಾ?" ಅಂತ ನನ್ನನ್ನೇ ಗದರಿ ಹೋದಳು.

ಒಂದು ಮಾತು ಹೇಳಬೇಕು. ಆ ದಿನ ಬಡಗಣ ಗಾಳಿ, ಮುಖ ಕತ್ತರಿಸುವಂಥದ್ದು. ಹೊಗೆ ತೆಂಕಣಕ್ಕೆ ಹೋಗಬೇಕಿತ್ತು. ಅದು ಗಾಳಿಗೆ ಎದುರಾಗಿ, ನೆಲ ಹಿಡಿದು, ಹೊಲಗಳ ಮೇಲೆ ಬಡಗಣಕ್ಕೇ, ನಿಮ್ಮ ಕಡೆಗೇ ಹೋಯಿತು. ಕಣ್ಣು ಕಾಣುವಷ್ಟು ದೂರ ನೋಡಿದೆ. ಚದುರಲೇ ಇಲ್ಲ.

ಬ್ಲಾಕ್ ಕುಲುಮೆಗೆ ಹೋಯಿತು, ನಾನೇ ಜೊತೆಗೆ ಹೋಗಿ ನೋಡಿದೆ. ಯಜಮಾನರು ಕೂಗಾಡಿದರು. ಬಾರಿನಲ್ಲಿ ನಾನು ಕೂತರೆ ಹುಡುಗರು ಎದ್ದು ಬೇರೆ ಮೇಜಿಗೆ ಹೋಗುತ್ತಿದ್ದರು. ಆದರೆ ಹೊಸ ಬ್ಲಾಕ್ ಸುರಿದಿದ್ದೇವೆ, ಆರ್ಡರು ಕೊಟ್ಟವರು ಇನ್ನಷ್ಟು ದಿನ ಕಾಯಲು ಒಪ್ಪಿದ್ದಾರೆ. ಈ ಸಲ ಒಂದೊಂದು ಹಾಸಿಗೆಯೂ ಎಲ್ಲಿಂದ ಬಂತು ಅಂತ ವಿಚಾರಿಸಿಯೇ ಹಾಕಿದೆ. ಹುಡುಗರು ನಕ್ಕರು. ನಗಲಿ.

ಈಗ ಉಳಿದಿರುವುದು ನಿಮ್ಮಲ್ಲಿಗೆ ಬಂದ ತುಂಡುಗಳು ಮಾತ್ರ. ಪರೀಕ್ಷೆ ಮುಗಿದ ಮೇಲೆ ಅವನ್ನು ಏನು ಮಾಡುತ್ತೀರಿ? ಸುಟ್ಟರಾ? ಅದೊಂದು ತಿಳಿಸಿಬಿಡು, ನೆಮ್ಮದಿಯಾಗುತ್ತದೆ.

ಬೇಸಿಗೆಗೆ ಫೀನಳನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇವೆ. ಅತ್ತೆಯನ್ನು ನೋಡಲಿ.

ನಿನ್ನ ತಮ್ಮ
ವಾನೆಸ್


ಹೋರ್ಸೆನ್ಸ್
೧೨ ಫೆಬ್ರವರಿ ೨೦೨೪

ನನ್ನ ವಾನೆಸ್,

ತಡವಾಯಿತು. ಈಚೆಗೆ ಬೇಗ ದಣಿಯುತ್ತೇನೆ. ಒಂದು ಪುಟ ಬರೆಯಲು ನಡುವೆ ಸುಧಾರಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಹೊಸ ಫೋಮಿಗೆ ಸರ್ಟಿಫಿಕೇಟ್ ಬಂತಂತೆ. ಥೋರ್ಕಿಲ್ ಮನೆಗೆ ಬಂದು ಹೇಳಿ ಹೋದ, ಕೇಕು ತಂದಿದ್ದ. ಅದರಲ್ಲಿ ಯಾವ ವಾಸನೆಯೂ ಇಲ್ಲವಂತೆ, ಯಾವ ತಗ್ಗೂ ಬೀಳಲಿಲ್ಲವಂತೆ. ಈಗ ಬಾರಿನಲ್ಲಿ ನಿನ್ನ ಪಕ್ಕ ಕೂರುತ್ತಾರೆ ತಾನೆ? ಕೂರದಿದ್ದರೆ ಬಿಯರ್ ಕೊಡಿಸು, ಓಡಿ ಬರುತ್ತಾರೆ.

ಮೂಸುವ ಕೆಲಸ ಬಿಡಿಸಿದರು. ಮುಚ್ಚಿಟ್ಟದ್ದಕ್ಕೆ ಅಲ್ಲ, ಬಿರ್ಥೆ ಅದನ್ನು ಕ್ಷಮಿಸಿದಳು. ನಮ್ಮ ಮೂಗನ್ನು ಆಗಾಗ ಪರೀಕ್ಷಿಸುತ್ತಾರೆ, ಬೇರೆ ಬೇರೆ ವಾಸನೆ ಅದ್ದಿದ ಕಾಗದದ ಪಟ್ಟಿ ಕೊಟ್ಟು. ಹೊಸ ವರ್ಷ ಆದ ಮೇಲೆ ಕೊಟ್ಟಾಗ, ಎಲ್ಲದರಲ್ಲೂ ನನಗೆ ಪೆಪರ್‌ಮಿಂಟ್ ಒಂದೇ.

ಹೊಗೆಯ ಬಗ್ಗೆ ಬರೆದಿದ್ದೆ. ನೀನು ಸುಟ್ಟ ಮಾರನೇ ದಿನ ನಾನು ಅಡುಗೆಮನೆಯಲ್ಲಿ ರೈ ಬ್ರೆಡ್ ಕೊಯ್ಯುತ್ತಿದ್ದೆ. ಹಿಂದಿನ ಬಾಗಿಲು ತಾನೇ ತೆರೆದು ಮುಚ್ಚಿತು. ನಾನು ತಿರುಗಿ ನೋಡಲಿಲ್ಲ. "ಕಾಲು ಒರಸ್ಕೊಂಡು ಬನ್ನಿ ಅಪ್ಪಾ," ಅಂದೆ, ಅಷ್ಟೆ. ಎಷ್ಟು ದೂರದಿಂದ ಬಂದರು ಪಾಪ.

ಪರೀಕ್ಷೆ ಮುಗಿದ ತುಂಡುಗಳು ಕಸಕ್ಕೆ ಹೋಗುತ್ತವೆ. ಒಂದು ಹೋಯಿತು. ಕಿವಿಯ ಗುರುತಿದ್ದದ್ದು ಹೋಗಲಿಲ್ಲ. ಅದನ್ನು ನೋಡಿದ ದಿನವೇ, ನವೆಂಬರಿನಲ್ಲೇ, ಕೋಟಿನೊಳಗೆ ಬಚ್ಚಿಟ್ಟು ಮನೆಗೆ ತಂದೆ. ನಿನಗೆ ಸುಡು ಸುಡು ಅಂತ ಬರೆಯುವಾಗಲೂ ಅದು ನನ್ನ ದಿಂಬಿನ ಜಾಗದಲ್ಲೇ ಇತ್ತು. ನಿನ್ನ ಕಾಗದ ಬಂದ ಮೇಲೆ ಹಿತ್ತಲಿಗೆ ಒಯ್ದೆ. ಬೆಂಕಿಕಡ್ಡಿ ಗೀರಿದೆ. ನನ್ನಿಂದ ಆಗಲಿಲ್ಲ. ಎಲ್ಲ ಕಡೆಯಿಂದ ಎಬ್ಬಿಸಿದ್ದೇವೆ, ಇನ್ನು ಎಲ್ಲಿಗೆ ಹೋಗುತ್ತಾರೆ? ಅಪ್ಪನಿಗೂ ಮಲಗಲು ಎಲ್ಲಾದರೂ ಒಂದು ಜಾಗ ಬೇಕಲ್ಲವಾ.

ಬೇಸರ ಮಾಡಿಕೊಳ್ಳಬೇಡ. ನನಗೆ ಹೆದರಿಕೆ ಇಲ್ಲ. ಆಗ ಅವರ ಬೆನ್ನು ಒರೆಸಿದವನು ನೀನು, ನನ್ನ ಸರದಿ ತಪ್ಪಿತ್ತು, ಈಗ ಬಂದಿದೆ. ಈಗ ನಾನೂ ಎಡಮಗ್ಗುಲಿಗೇ ಮಲಗುತ್ತೇನೆ, ಬಲಮಗ್ಗುಲಿಗೆ ತಿರುಗಿದರೆ ಉಸಿರು ಸಿಗುವುದಿಲ್ಲ. ಡಾಕ್ಟರು ಎದೆ ಸ್ವಚ್ಛವಾಗಿದೆ ಅಂದರು. ಬೆಳಿಗ್ಗೆ ಎದ್ದಾಗ ತುಂಡಿನ ಮೇಲೆ ಒಂದೇ ಕಿವಿ, ಒಂದೇ ಕೈ ಇರುತ್ತದೆ. ಕಿರುಬೆರಳು ನೋಡಲು ನಾನು ಹೋಗುವುದಿಲ್ಲ.

ಫೀನಳನ್ನು ಚೆನ್ನಾಗಿ ಅಳಲು ಬಿಡು. ಅವಳ ಒಂದು ಫೋಟೋ ಕಳಿಸು, ಅಂಗಾತ ಮಲಗಿರುವುದು.

ಬೇಸಿಗೆಗೆ ಬರುತ್ತೇವೆ ಅಂದಿದ್ದೀಯ. ಮಗುವನ್ನು ಈ ಮನೆಗೆ ಕರೆತರಬೇಡ.

ನಿನ್ನ ಅಕ್ಕ